ನಿಜವಾದರೆ ಸಾಕೇ?

2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ‘ಮಾರ್ನಿಂಗ್ ಮಿಸ್ಟ್’ ಹೋಂಸ್ಟೇಗೆ ಗುಂಪೊಂದು ನುಗ್ಗಿ, ಹುಟ್ಟುಹಬ್ಬಕ್ಕೆಂದು ಸೇರಿದ್ದ ಹುಡುಗ ಹುಡುಗಿಯರನ್ನು ಥಳಿಸಿತು. ಅಲ್ಲಿ ಟಿ.ವಿ. ಕ್ಯಾಮೆರಾವೂ ಇತ್ತು. ಅಟ್ಟಾಡಿಸಿದ್ದು, ಹೊಡೆದದ್ದು, ಹುಡುಗಿಯರು ಮುಖ ಮುಚ್ಚಿಕೊಳ್ಳಲು ಒದ್ದಾಡಿದ್ದು ಎಲ್ಲವೂ ದೇಶದ ಮನೆಮನೆಯ ಪರದೆಗೆ ಬಂತು. ದೃಶ್ಯ ತೆಗೆದು ಕಳುಹಿಸಿದ ವರದಿಗಾರ ನವೀನ್ ಸೂರಿಂಜೆಯವರನ್ನೂ ಪೊಲೀಸರು ಆರೋಪಿಗಳ ಪಟ್ಟಿಗೆ ಸೇರಿಸಿ ಅದೇ ನವೆಂಬರಿನಲ್ಲಿ ಬಂಧಿಸಿದರು. 2013ರ ಮಾರ್ಚಿನಲ್ಲಿ ಅವರಿಗೆ ಹೈಕೋರ್ಟ್ ಜಾಮೀನು ಸಿಕ್ಕಿತು. ಅವರ ಮೇಲಿನ ಮೊಕದ್ದಮೆಯನ್ನು ಆಮೇಲೆ ಸರ್ಕಾರ ಹಿಂತೆಗೆದುಕೊಂಡಿತು. 2024ರ ಆಗಸ್ಟಿನಲ್ಲಿ, ವಿಚಾರಣೆ ಎದುರಿಸಿದ 40 ಮಂದಿಯನ್ನು ಮಂಗಳೂರಿನ ನ್ಯಾಯಾಲಯ ಖುಲಾಸೆ ಮಾಡಿತು. ಇಷ್ಟರಲ್ಲಿ ಎಲ್ಲಿಯೂ ಸುಳ್ಳು ವಿಡಿಯೊದ ಪ್ರಶ್ನೆಯೇ ಬರಲಿಲ್ಲ ಎಂಬುದನ್ನು ಗಮನಿಸಬೇಕು. ತೋರಿಸಿದ್ದು ನಡೆದದ್ದೇ. ಆದರೂ ಆ ಹುಡುಗಿಯರಿಗೆ ಒಂದು ಅನ್ಯಾಯ ಅಂಗಳದಲ್ಲಿ ಆದರೆ ಇನ್ನೊಂದು ಪರದೆಯ ಮೇಲೆ ಆಯಿತು. ಪಡೀಲು, ಕುಲಶೇಖರ, ಬಜಾಲಿನ ಸುತ್ತ ಇರುವ ಕಥೋಲಿಕ ಕುಟುಂಬಗಳ ಮಕ್ಕಳಿಗೆ ಹೈಸ್ಕೂಲಿನಲ್ಲಿ ಮಾಧ್ಯಮ ಸಾಕ್ಷರತೆ ಕಲಿಸುವುದಾದರೆ ಪಾಠ ಇಲ್ಲಿಂದ ಶುರುವಾಗಬೇಕು ಎಂಬುದು ನನ್ನ ವಾದ. ಸುಳ್ಳನ್ನು ಪತ್ತೆಹಚ್ಚುವುದು ಪಾಠದ ಅರ್ಧ ಮಾತ್ರ. ನಿಜವನ್ನು ಏನು ಮಾಡಬೇಕು ಎಂಬುದು ಉಳಿದರ್ಧ, ಕಷ್ಟದ ಅರ್ಧ.

ಈಗ ಎಲ್ಲೆಡೆ ಕಲಿಸುತ್ತಿರುವುದು ಮೊದಲರ್ಧವನ್ನು. ಅದನ್ನು ಹಗುರವಾಗಿ ಕಾಣುವಂತಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ಗುಲ್ಲು ಕರ್ನಾಟಕದ ಉದ್ದಗಲಕ್ಕೆ ಹಬ್ಬಿದಾಗ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ವಲಸೆ ಕಾರ್ಮಿಕ ಹೆಣವಾದ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರೊಬ್ಬರ ಜೀವ ಹೋಯಿತು. ಅವರ ಜೊತೆಗಿದ್ದವರು ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಆಗ ಫೋನಿನಿಂದ ಫೋನಿಗೆ ಹರಿದಾಡಿದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಅಪಹರಿಸಿದ ಮಗುವನ್ನು ಮರಳಿ ತಂದುಬಿಟ್ಟು ಸಂದೇಶದ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ಕತ್ತರಿ ಎಲ್ಲಿ ಆಡಿತು ಎಂದು ಹುಡುಕಲು ಎಂಟನೆಯ ತರಗತಿಯ ಮಗುವಿಗೂ ಕಲಿಸಬಹುದು. ಅದೇ ವರ್ಷ ಕಣ್ಣೂರು ಜಿಲ್ಲಾಡಳಿತ (ಪಡೀಲಿನ ಪಕ್ಕದ ಕಣ್ಣೂರಲ್ಲ, ಕೇರಳದ್ದು) ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿ ಗುರುತಿಸುವ ತರಗತಿ ನಡೆಸಿತು. ಲಸಿಕೆಯ ಬಗ್ಗೆ ಹಬ್ಬಿದ ವದಂತಿಗೆ ಹೆದರಿ ತಂದೆತಾಯಂದಿರು ಮಕ್ಕಳಿಗೆ ಚುಚ್ಚುಮದ್ದು ಹಾಕಿಸದೆ ಉಳಿದದ್ದು ಅದರ ಹಿನ್ನೆಲೆ. ಇಂಥ ತರಬೇತಿ ಪ್ರಾಣ ಉಳಿಸೀತು. ಆದರೆ ಅದರ ಕೈಗೆ ಪಡೀಲಿನ ವಿಡಿಯೊ ಕೊಟ್ಟರೆ ಅದು ‘ಅಸಲಿ’ ಎಂದು ಮುದ್ರೆ ಒತ್ತಿ ಸುಮ್ಮನಾಗುತ್ತದೆ. ಅಸಲಿ ಎಂದ ಮೇಲೆ ಕಳುಹಿಸಲು ಅಡ್ಡಿಯೇನು ಎಂದು ಮಗು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಉತ್ತರ ಇರುವುದು, ಕೇಳಿದರೆ ಹಲವರಿಗೆ ನಗು ಬಂದೀತು, ದೊತೊರ್ನಿನ (ಧರ್ಮೋಪದೇಶದ) ತರಗತಿಯಲ್ಲಿ. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಆಜ್ಞೆಯನ್ನು ವಿವರಿಸುವಾಗ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಮೂರು ತಪ್ಪುಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ತಪ್ಪನ್ನು ಮನಸ್ಸಿನಲ್ಲೇ ನಂಬಿಬಿಡುವುದು ಒಂದು. ಸುಳ್ಳು ಹೇಳಿ ಮಾನ ಕಳೆಯುವುದು ಇನ್ನೊಂದು. ತಕ್ಕ ಕಾರಣವಿಲ್ಲದೆ, ಗೊತ್ತಿಲ್ಲದವರ ಮುಂದೆ ಇನ್ನೊಬ್ಬರ ನಿಜವಾದ ತಪ್ಪನ್ನೇ ಬಿಚ್ಚಿಡುವುದು ಮೂರನೆಯದು. ಈ ಮೂರನೆಯದರಲ್ಲಿ ಸತ್ಯವೇ ಹಾನಿಯ ಉಪಕರಣ. ಕನ್ನಡದ ‘ಚಾಡಿ’ ಎಂಬ ಪದಕ್ಕೂ ಈ ತಿಳಿವಳಿಕೆ ಇದೆ. ಚಾಡಿ ಸುಳ್ಳಾಗಿರಲೇಬೇಕು ಎಂದು ಯಾರೂ ಹೇಳುವುದಿಲ್ಲ. ನಮ್ಮ ಕಾನೂನು ಕೂಡ ಇದೇ ದಾರಿಯಲ್ಲಿದೆ. ಭಾರತೀಯ ದಂಡ ಸಂಹಿತೆಯ 499ನೇ ಸೆಕ್ಷನ್, ಈಗ ಭಾರತೀಯ ನ್ಯಾಯ ಸಂಹಿತೆಯ 356, ಮಾನಹಾನಿಯ ಆರೋಪಕ್ಕೆ ಹೇಳಿದ್ದು ನಿಜ ಎಂಬುದೊಂದನ್ನೇ ಉತ್ತರವಾಗಿ ಒಪ್ಪುವುದಿಲ್ಲ. ಅದರಿಂದ ಸಾರ್ವಜನಿಕ ಹಿತವೂ ಆಗಿರಬೇಕು ಎನ್ನುತ್ತದೆ. ಹಾಗಾದರೆ ಪಡೀಲಿನಲ್ಲಿ ಕ್ಯಾಮೆರಾ ಇರಲೇಬಾರದಿತ್ತೇ? ಹಾಗೆ ಹೇಳುವುದು ದಾಳಿಕೋರರಿಗೆ ಕತ್ತಲೆಯ ಉಡುಗೊರೆ ಕೊಟ್ಟಂತೆ. ದೃಶ್ಯ ಇಲ್ಲದಿದ್ದರೆ ಆ ಸಂಜೆಯ ಹಲ್ಲೆ ಸ್ಥಳೀಯ ಪುಟದ ಮೂಲೆಯಲ್ಲಿ ಮೂರು ಸಾಲಾಗಿ ಮುಗಿಯುತ್ತಿತ್ತು, ‘ರೇವ್ ಪಾರ್ಟಿ’ ಎಂಬ ದಾಳಿಕೋರರ ಆಪಾದನೆ ಮಾತ್ರ ಉಳಿಯುತ್ತಿತ್ತು. ಹೊಡೆದವರ ಮುಖ ತೋರಿಸಲು ತಕ್ಕ ಕಾರಣ ಇತ್ತು. ಹೊಡೆಸಿಕೊಂಡವರ ಮುಖ ತೋರಿಸಲು ಇರಲಿಲ್ಲ. ಒಂದೇ ಚೌಕಟ್ಟಿನೊಳಗೆ ಈ ಗೆರೆ ಎಳೆಯಲು ಬರುವುದೇ ಸಾಕ್ಷರತೆ.

ಧರ್ಮಸಭೆ ಈ ಗೆರೆ ಎಳೆಯುವುದನ್ನು ಯಾವಾಗಲೂ ಕಲಿಸಿದೆ ಎಂದರೆ ಉತ್ಪ್ರೇಕ್ಷೆ. ಬಹುಕಾಲ ಅದು ಬೇಲಿಯನ್ನೇ ನೆಚ್ಚಿಕೊಂಡಿತ್ತು. ನಿಷಿದ್ಧ ಗ್ರಂಥಗಳ ಪಟ್ಟಿ 1559ರಿಂದ 1966ರವರೆಗೆ ನಡೆದುಬಂತು. 1936ರಲ್ಲಿ ಹನ್ನೊಂದನೆಯ ಪಿಯುಸ್ ಸಿನಿಮಾದ ಬಗ್ಗೆ ಬರೆದ ವಿಶ್ವಪತ್ರದಲ್ಲೂ ಯಾವ ಚಿತ್ರ ನೋಡಬಹುದು, ಯಾವುದು ಕೂಡದು ಎಂದು ವಿಂಗಡಿಸಿ ಜನರಿಗೆ ತಿಳಿಸುವುದಕ್ಕೇ ಒತ್ತು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ‘ಇಂಟರ್ ಮಿರಿಫಿಕಾ’ ಕಥೋಲಿಕ ಶಾಲೆಗಳಲ್ಲಿ, ಎಳೆಯರಿಗೆಂದೇ, ಮಾಧ್ಯಮ ಬಳಸುವ ಶಿಕ್ಷಣ ಬೇಕೆಂದು ಕೇಳಿದ ಮೇಲೆ ದಿಕ್ಕು ಬದಲಾಯಿತು, ಕಾಗದದ ಮೇಲಂತೂ. ನಿಲುವು ಬದಲಾದರೂ ಶಾಲೆಯ ಅಭ್ಯಾಸ ಹಳೆಯದೇ: ಮೊಬೈಲ್ ತರಕೂಡದು, ತಂದರೆ ಆಫೀಸಿನಲ್ಲಿ ಜಪ್ತಿ. ನಿಯಮ ತಪ್ಪಲ್ಲ. ಆದರೆ ನಾಲ್ಕು ಗಂಟೆಯ ಬೆಲ್ ಹೊಡೆದ ಮೇಲೆ ಬೇಲಿ ಎಲ್ಲಿದೆ?

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಯಾರು ಹೇಳಿದರು, ಯಾಕೆ ಹೇಳಿದರು, ಪುರಾವೆ ಏನು ಎಂದು ಕೇಳುವ ಚಾಳಿ ಒಮ್ಮೆ ಹತ್ತಿದರೆ ಮಗು ಅದೇ ಪ್ರಶ್ನೆಯನ್ನು ಪೀಠದ ಕಡೆಗೂ ತಿರುಗಿಸದೆ? ತಿರುಗಿಸುತ್ತದೆ, ತಿರುಗಿಸಲಿ. ಯೇಸುವಿನ ಗಾಯ ಮುಟ್ಟದೆ ನಂಬುವುದಿಲ್ಲ ಎಂದ ಶಿಷ್ಯ ತೋಮನನ್ನು ಸುವಾರ್ತೆ ಗುಂಪಿನಿಂದ ಹೊರಹಾಕಲಿಲ್ಲ. ಭಾರತದ ಕ್ರೈಸ್ತರಂತೂ ಆತನನ್ನೇ ತಮ್ಮ ಅಪೊಸ್ತಲನೆಂದು ಹೇಳಿಕೊಳ್ಳುತ್ತಾರೆ. ಇದಕ್ಕಿಂತ ಇತ್ತೀಚಿನ ಸಾಕ್ಷ್ಯ ಕಹಿಯಾದದ್ದು. ಪಾದ್ರಿಗಳಿಂದ ಮಕ್ಕಳ ಮೇಲಾದ ದೌರ್ಜನ್ಯವನ್ನೂ ಅದನ್ನು ಮುಚ್ಚಿಟ್ಟ ರೀತಿಯನ್ನೂ 2002ರಲ್ಲಿ ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಬಯಲಿಗೆಳೆಯಿತು. ಧರ್ಮಸಭೆಯ ಮಾನ ಕಳೆಯುವ ನಿಜ ಅದು, ಆದರೆ ತಕ್ಕ ಕಾರಣವಿದ್ದ ನಿಜ. 2021ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್, ಧರ್ಮಸಭೆಯ ಹುಳುಕನ್ನು ಹೇಳಿದ್ದಕ್ಕೆ, ಸಂತ್ರಸ್ತರಿಗೆ ದನಿಯಾದದ್ದಕ್ಕೆ ಪತ್ರಕರ್ತರಿಗೆ ಕೃತಜ್ಞತೆ ಹೇಳಿದರು. ಚಾಡಿಗೂ ಬಯಲಿಗೆಳೆಯುವುದಕ್ಕೂ ಇರುವ ಅಂತರ ಕಲಿಯದ ಮಗು ‘ನಮ್ಮವರ ಮಾನ’ ಎಂಬ ಹೆಸರಿನಲ್ಲಿ ನಾಳೆ ಏನನ್ನಾದರೂ ಮುಚ್ಚಿಡಬಲ್ಲದು.

ಇನ್ನೊಂದು ಆಕ್ಷೇಪ: ಮಂಗಳೂರಿನ ಕಥೋಲಿಕ ಶಾಲೆಗಳಲ್ಲಿ ಬೇರೆ ಧರ್ಮದ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿ ಕೂತಿರುತ್ತಾರೆ, ಅವರಿಗೆ ಧರ್ಮೋಪದೇಶ ಏಕೆ? ಬೇಡ. ಅವರಿಗೆ 356ನೇ ಸೆಕ್ಷನ್ ಸಾಕು, ಚಾಡಿ ಎಂಬ ಪದ ಸಾಕು, ವಿವೇಚನೆ ಅದೇ. ಎಸ್ಸೆಸ್ಸೆಲ್ಸಿಯ ಓಟದಲ್ಲಿ ಪೀರಿಯಡ್ ಎಲ್ಲಿದೆ ಎಂಬ ಮಾತಿಗೆ ಹೆಚ್ಚು ಜಾಗ ಕೊಡಲಾರೆ. ಕನ್ನಡ ಮತ್ತು ಸಮಾಜ ಪಾಠದೊಳಗೇ ಇದಕ್ಕೆ ಎಡೆಯಿದೆ. ನನ್ನನ್ನು ತಡೆಯುವ ಅಂಜಿಕೆ ಬೇರೆ. 2024ರ ಫೆಬ್ರುವರಿಯಲ್ಲಿ ಜೆಪ್ಪುವಿನ ಸಂತ ಜೆರೋಸಾ ಶಾಲೆಯ ಶಿಕ್ಷಕಿಯೊಬ್ಬರು ಪಾಠದ ನಡುವೆ ಹಿಂದೂ ದೇವರ ಅವಹೇಳನ ಮಾಡಿದರೆಂಬ ಧ್ವನಿಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಡಿ, ಶಾಲೆಯ ಗೇಟಿನ ಮುಂದೆ ಪ್ರತಿಭಟನೆ ನಡೆದು, ಆಡಳಿತ ಅವರನ್ನು ಕೆಲಸದಿಂದ ತೆಗೆಯಿತು. ಸರ್ಕಾರ ವಿಚಾರಣೆಗೆ ಆದೇಶಿಸಿತು. ಕಥೋಲಿಕ ಶಾಲೆಗಳು ಮಾಧ್ಯಮ ಪಾಠವನ್ನು ಈ ಘಟನೆಯಿಂದಲೇ ಶುರುಮಾಡುವ ಆಸೆಗೆ ಬೀಳಬಹುದು. ಬೀಳಬಾರದು. ತಮಗೆ ನೋವಾದ ಉದಾಹರಣೆಯಿಂದ ಹೊರಟ ಪಾಠ ಆತ್ಮರಕ್ಷಣೆಯ ಕವಾಯತಾಗುತ್ತದೆ. ಮಕ್ಕಳು ತಮ್ಮ ಮೇಲೆ ಬಂದ ಸುಳ್ಳನ್ನಷ್ಟೇ ಗುರುತಿಸಲು ಕಲಿಯುತ್ತಾರೆ, ತಾವು ಹರಡುವುದನ್ನಲ್ಲ.

ಕುಮ್ಸಾರದ (ಪಾಪನಿವೇದನೆಯ) ಶಿಸ್ತಿನಲ್ಲಿ ಇನ್ನೊಂದು ಅಂಶವಿದೆ: ಕ್ಷಮೆ ಸಿಕ್ಕಿದರೂ ಕಳೆದ ಮಾನವನ್ನು ತುಂಬಿಕೊಡುವ ಹೊಣೆ ಉಳಿಯುತ್ತದೆ. ತಪ್ಪು ಸಂದೇಶವನ್ನು ಅಳಿಸಿದರೆ ಹೊಣೆ ತೀರುವುದಿಲ್ಲ; ಯಾವ ಗುಂಪುಗಳಿಗೆ ಕಳುಹಿಸಿದ್ದೆಯೋ ಅವೇ ಗುಂಪುಗಳಿಗೆ, ತಪ್ಪಾಯಿತೆಂದು ನಿನ್ನ ಹೆಸರಿನಲ್ಲೇ ಬರೆಯಬೇಕು. ಇದು ಸುಳ್ಳಿಗೆ ಆಯಿತು. ನಿಜಕ್ಕೆ? ನಿಜ ಎಂದು ಕಳುಹಿಸಿದ್ದನ್ನು ಸುಳ್ಳೆಂದು ತಿದ್ದಲು ಬರುವುದಿಲ್ಲವಲ್ಲ. ಆದ್ದರಿಂದ ಅಲ್ಲಿ ಎಚ್ಚರವೆಲ್ಲ ಮೊದಲೇ ಆಗಬೇಕು, ಬೆರಳು ಪರದೆ ಮುಟ್ಟುವ ಮುಂಚೆ. ಪಡೀಲಿನ ಪಾಠ ಮಾಡುವ ಶಿಕ್ಷಕರ ಮೊದಲ ಪರೀಕ್ಷೆಯೂ ಇದೇ. ಇಂದು ಎಂಟನೆಯ ತರಗತಿಯಲ್ಲಿರುವ ಮಕ್ಕಳು ಆ ಸಂಜೆಯ ಹೊತ್ತಿಗೆ ಹುಟ್ಟಿದ್ದರೂ ತೊಟ್ಟಿಲಲ್ಲಿದ್ದಾರು. ಅವರಿಗೆ ಘಟನೆಯ ನೆನಪಿಲ್ಲ, ವಿಡಿಯೊ ತೋರಿಸಿ ಎಂದೇ ಕೇಳುತ್ತಾರೆ. ತರಗತಿಯ ಸ್ಮಾರ್ಟ್‌ಬೋರ್ಡಿನಲ್ಲಿ ಅದನ್ನು ಹಾಕುವುದು ಸುಲಭ. 2012ರ ಪತ್ರಿಕಾ ವರದಿ ಮತ್ತು 2024ರ ತೀರ್ಪಿನ ಸುದ್ದಿಯ ಮುದ್ರಿತ ಪುಟಗಳನ್ನು ಹಂಚಿ, ವಿಡಿಯೊ ಹಾಕದೆಯೇ ನಲವತ್ತು ನಿಮಿಷ ಪಾಠ ನಡೆಸಬೇಕು. ಯಾಕೆ ಹಾಕಲಿಲ್ಲ ಎಂದು ಹಿಂದಿನ ಬೆಂಚಿನಿಂದ ಬರುವ ಪ್ರಶ್ನೆಗೆ ಕೊನೆಯ ಹತ್ತು ನಿಮಿಷ ಬಿಟ್ಟಿರಬೇಕು.