ಪೂಜಾರಿ ಕೊಡದ ವರ

ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ 25 ಊರುಗಳಿವೆ. ಒಂದೂರಿನಿಂದ ಇನ್ನೊಂದಕ್ಕೆ ರಸ್ತೆಯಿಲ್ಲ, ದಕ್ಷಿಣದ ನಗರಗಳಿಗಂತೂ ಇಲ್ಲವೇ ಇಲ್ಲ. ಕಡಲ ಮಂಜುಗಡ್ಡೆ ಕರಗಿದ ಕೆಲವೇ ತಿಂಗಳು ಹಡಗು ಬರುತ್ತದೆ. ವರ್ಷಕ್ಕಾಗುವ ಹಿಟ್ಟು, ಸಕ್ಕರೆ, ಡಬ್ಬಿ ತಿನಿಸು ಆಗಲೇ ಗೋದಾಮು ಸೇರಬೇಕು. ಹಾಲು, ಹಣ್ಣು, ತರಕಾರಿ ಬರುವುದು ವಿಮಾನದಲ್ಲಿ. ಹೀಗಾಗಿ ಅಲ್ಲಿ ತುಸು ಅಗ್ಗವಾಗಿ ಸಿಗುವುದು ಬಿಸ್ಕತ್ತು, ಸೋಡಾ. ದುಬಾರಿಯಾದದ್ದು ಮಗುವಿಗೆ ಬೇಕಾದದ್ದು. 2007-08ರ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿನ ಮೂಲನಿವಾಸಿ ಇನುಯಿಟ್ ಜನರ ಮನೆಗಳಲ್ಲಿ ಹತ್ತಕ್ಕೆ ಸುಮಾರು ಏಳರಲ್ಲಿ ಊಟದ ಭದ್ರತೆಯಿರಲಿಲ್ಲ. ಇದು ಜಗತ್ತಿನ ಶ್ರೀಮಂತ ದೇಶಗಳಲ್ಲೊಂದರ ಲೆಕ್ಕ.

2012ರಲ್ಲಿ ನುನಾವುಟ್‌ನ ಇಕಾಲುಯಿಟ್ ಊರಿನ ಲೀಸಿ ಪಪಾಟ್ಸಿ ಎಂಬ ಮಹಿಳೆ ‘ಫೀಡಿಂಗ್ ಮೈ ಫ್ಯಾಮಿಲಿ’ ಎಂಬ ಫೇಸ್‌ಬುಕ್ ಗುಂಪು ಕಟ್ಟಿದರು. ಜನ ಅಂಗಡಿಯ ಬೆಲೆ ಚೀಟಿಗಳ ಫೋಟೊ ಹಾಕತೊಡಗಿದರು. ಜೂನ್‌ನಲ್ಲಿ ಅಂಗಡಿಗಳ ಮುಂದೆ ಫಲಕ ಹಿಡಿದು ನಿಂತರು.

ಹಾಗೆಂದು ಸರ್ಕಾರ ದುಡ್ಡು ಬಿಚ್ಚಿರಲಿಲ್ಲವೆಂದಲ್ಲ. ದಶಕಗಳ ಕಾಲ ಅಂಚೆಯ ಮೂಲಕ ಆಹಾರ ಸಾಗಿಸುವ ವೆಚ್ಚಕ್ಕೆ ನೆರವಿತ್ತು. 2011ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿ ‘ನ್ಯೂಟ್ರಿಷನ್ ನಾರ್ತ್’ ಯೋಜನೆ ತಂದರು. ಪೌಷ್ಟಿಕ ಪದಾರ್ಥಗಳಿಗೆ ಕಿಲೋ ಲೆಕ್ಕದಲ್ಲಿ ಸಬ್ಸಿಡಿ. ಅದು ಹೋಗುವುದು ವ್ಯಾಪಾರಿಗೆ. ಆತ ಅಷ್ಟನ್ನೂ ಬೆಲೆಯಲ್ಲಿ ಇಳಿಸಬೇಕು. ಇಳಿಸಿದನೇ? ಯೋಜನೆ ನಡೆಸುವ ಇಲಾಖೆ ಅದನ್ನು ಸರಿಯಾಗಿ ಪರಿಶೀಲಿಸಿಯೇ ಇಲ್ಲವೆಂದು 2014ರಲ್ಲಿ ಮಹಾಲೇಖಪಾಲ ಮೈಕೆಲ್ ಫರ್ಗ್ಯುಸನ್ ಛೀಮಾರಿ ಹಾಕಿದರು. 2023ರಲ್ಲಿ ಟ್ರೇಸಿ ಗ್ಯಾಲೋವೇ, ನಿಕೋಲಸ್ ಲೀ ಎಂಬ ಸಂಶೋಧಕರು ಲೆಕ್ಕ ಹಾಕಿದಾಗ, ಹೆಚ್ಚಿಸಿದ ಪ್ರತಿ ಡಾಲರ್ ಸಬ್ಸಿಡಿಯಲ್ಲಿ ಗ್ರಾಹಕರಿಗೆ ತಲುಪಿದ್ದು ಸುಮಾರು 67 ಸೆಂಟ್. ಒಂದೇ ಅಂಗಡಿಯಿರುವ ಊರುಗಳಲ್ಲಿ ಸೋರಿಕೆ ಇನ್ನೂ ಹೆಚ್ಚು. ದೇವರು ಕೊಟ್ಟರೂ ಪೂಜಾರಿ ಕೊಡ.

ಅಂಗಡಿಯವರನ್ನು ಖಳರೆಂದು ಬೈಯುವುದು ಸುಲಭ. ವಿದ್ಯುತ್ತಿಗೂ ಡೀಸೆಲ್ ಸುಡಬೇಕಾದ ಕಡೆ ವ್ಯಾಪಾರದ ಖರ್ಚು ನಿಜವಾಗಿಯೂ ದೊಡ್ಡದು. ನನ್ನ ತಕರಾರು ಯೋಜನೆಯ ಚೌಕಟ್ಟಿನ ಬಗ್ಗೆ. ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಹೊಡೆಯಬಹುದು, ಆದರೆ ಅಕ್ಕಿಯ ದರ ಕಟ್ಟುವವನು ಅಂಗಡಿಯವನಲ್ಲ. ಅಲ್ಲಿ ದರ ಕಟ್ಟುವವನೂ ಸಬ್ಸಿಡಿ ಪಡೆಯುವವನೂ ಒಬ್ಬನೇ.

ಇದಕ್ಕಿಂತ ದೊಡ್ಡ ಎಡವಟ್ಟು ಬೇರೆಯದು. ಪೌಷ್ಟಿಕ ಆಹಾರವೆಂದರೆ ದಕ್ಷಿಣದಿಂದ ಹಾರಿ ಬಂದ ಸೇಬು, ಬ್ರೊಕೊಲಿ ಎಂದು ರಾಜಧಾನಿಯಲ್ಲಿ ಕೂತವರು ತೀರ್ಮಾನಿಸಿಬಿಟ್ಟರು. ಮರ ಬೆಳೆಯದ ಆ ನೆಲದಲ್ಲಿ ಇನುಯಿಟ್ ಜನ ಶತಮಾನಗಳ ಕಾಲ ಬದುಕಿದ್ದು ಸೀಲ್, ಕ್ಯಾರಿಬೂ, ಆರ್ಕ್‌ಟಿಕ್ ಚಾರ್ ಮೀನು ತಿಂದು. ‘ಮಕ್ತಾಕ್’ ಎನ್ನುವ ತಿಮಿಂಗಿಲದ ತೊಗಲು-ಕೊಬ್ಬಿನಲ್ಲಿ ಸಿ ಜೀವಸತ್ವವೂ ಇದೆ. ಈಗ ಬೇಟೆಗೆ ಹೋಗಬೇಕೆಂದರೆ ಸ್ನೋಮೊಬೈಲ್, ಪೆಟ್ರೋಲ್, ಗುಂಡು ಬೇಕು. ಹಿಂದೆ ಸೀಲ್ ಚರ್ಮ ಮಾರಿದ ಹಣ ಇದಕ್ಕಾಗುತ್ತಿತ್ತು. 1983ರಲ್ಲಿ ಯುರೋಪ್ ಬಿಳಿ ಸೀಲ್ ಮರಿಗಳ ಚರ್ಮದ ಆಮದು ನಿಷೇಧಿಸಿತು. ಇನುಯಿಟ್ ಜನ ಬೇಟೆಯಾಡುತ್ತಿದ್ದುದು ಆ ಮರಿಗಳನ್ನಲ್ಲ, ಬಲಿತ ಬೇರೆ ಜಾತಿಯ ಸೀಲ್‌ಗಳನ್ನು. ಆದರೂ ಮಾರುಕಟ್ಟೆ ಬಿದ್ದು ಅವರ ಆದಾಯವೂ ಕೊಚ್ಚಿಹೋಯಿತು. ದಯೆಯ ಹೆಸರಿನ ನಿರ್ಧಾರವೊಂದು ದೂರದ ಊರಿನ ಊಟದ ತಟ್ಟೆಗೆ ಕೈ ಹಾಕಿತ್ತು.

ನ್ಯೂಟ್ರಿಷನ್ ನಾರ್ತ್ ಯೋಜನೆಯಡಿ ಬೇಟೆಗಾರರಿಗೆ ನೆರವು ನೀಡುವ ಅನುದಾನ ಶುರುವಾಗಿದ್ದು 2020ರಲ್ಲಷ್ಟೇ. ಹಂಚಿಕೆ ಸ್ಥಳೀಯ ಸಂಘಟನೆಗಳ ಕೈಯಲ್ಲಿದೆ. ಪೆಟ್ರೋಲಿಗೋ ಬಲೆಗೋ ಎಂದು ಅವೇ ನಿರ್ಧರಿಸುತ್ತವೆ. ಅಂಗಡಿಯ ಬಿಲ್ಲಿನಲ್ಲಿ ಕರಗಿಹೋಗದ ಹಣ ಇದು. ಜೊತೆಗೆ ಹಲವು ಊರುಗಳಲ್ಲಿ ಇನುಯಿಟ್ ಮಗುವೊಂದಕ್ಕೆ ತಿಂಗಳಿಗೆ 500 ಡಾಲರ್‌ನ ಆಹಾರ ಚೀಟಿ ಸಿಗುತ್ತಿತ್ತು. 2025ರ ಮಾರ್ಚ್‌ಗೆ ಅದು ನಿಂತಿತು. ಚೀಟಿಯೂ ಕೊನೆಗೆ ಅದೇ ಅಂಗಡಿಯ ಗಲ್ಲಾ ಸೇರುತ್ತದೆನ್ನುವುದು ನಿಜ, ಆದರೆ ಏನು ಕೊಳ್ಳಬೇಕೆಂಬ ತೀರ್ಮಾನವಾದರೂ ತಾಯಿಯದಾಗಿರುತ್ತದೆ. ಅದನ್ನು ಮರಳಿ ಕೊಡಲಿ. ಬೇಟೆಗಾರರ ಅನುದಾನವನ್ನು ಹಿಗ್ಗಿಸಲಿ. ಸಬ್ಸಿಡಿ ಪಡೆಯುವ ವ್ಯಾಪಾರಿ ಪ್ರತಿ ಪದಾರ್ಥದ ಕೊಂಡ ಬೆಲೆ, ಸಾಗಣೆ, ಲಾಭವನ್ನು ಅಂಗಡಿಯ ಗೋಡೆಗೆ ಅಂಟಿಸಲಿ. ಒಪ್ಪದಿದ್ದರೆ ಸರ್ಕಾರದ ಹಣ ಬೇಡವೆನ್ನಲಿ.