ದತ್ತು ಸ್ವೀಕಾರವೂ ಅಚೌರ್ಯವ್ರತವೂ

ಪೀಣ್ಯದ ಕೈಗಾರಿಕಾ ವಲಯದಲ್ಲಿ ವ್ಯಾಪಾರ ನಡೆಸುವ ಶ್ರಾವಕನು ರಸೀದಿಯಿಲ್ಲದ ಸರಕನ್ನು ತನ್ನ ದಾಸ್ತಾನಿಗೆ ಸೇರಿಸುವುದಿಲ್ಲ. ಸರಕು ಎಲ್ಲಿಂದ ಬಂದಿತು, ಮಾರುವವನಿಗೆ ಅದರ ಮೇಲೆ ಹಕ್ಕಿದೆಯೆ, ಸಲ್ಲಬೇಕಾದ ತೆರಿಗೆ ಸಂದಿದೆಯೆ ಎಂದು ವಿಚಾರಿಸಿದ ಮೇಲೆಯೇ ಅವನ ಲೇಖನಿ ಖಾತೆಯ ಪುಟಕ್ಕೆ ಇಳಿಯುತ್ತದೆ. ಇಷ್ಟು ಎಚ್ಚರವುಳ್ಳ ಮನೆತನವೇ ಸಂತಾನವಿಲ್ಲದ ಕೊರಗಿನಲ್ಲಿ ಶಿಶುವೊಂದನ್ನು ಮನೆಗೆ ತರುವಾಗ ಈ ಪ್ರಶ್ನೆಗಳಲ್ಲಿ ಒಂದನ್ನೂ ಕೇಳದಿದ್ದರೆ ಅದಕ್ಕಿಂತ ಸೋಜಿಗದ ಸಂಗತಿ ಯಾವುದು? ಕಬ್ಬಿಣದ ಸರಳಿಗೆ ಬೇಕಾದ ದಾಖಲೆ ಪಂಚೇಂದ್ರಿಯ ಜೀವಕ್ಕೆ ಬೇಡವೆ?

ಬೆಂಗಳೂರಿನ ಹೊರವಲಯದಲ್ಲಿ ಎರಡು ಬಗೆಯ ದುಃಖಗಳು ಅಕ್ಕಪಕ್ಕದಲ್ಲಿ ವಾಸಿಸುತ್ತಿವೆ. ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿಯ ಕಟ್ಟಡ ಕಾಮಗಾರಿಗಳಿಗೂ ದೂರದ ಊರುಗಳಿಂದ ಬಂದು ದುಡಿಯುವ ಹೆಣ್ಣುಮಕ್ಕಳಿದ್ದಾರೆ. ಅವರಲ್ಲೊಬ್ಬಳು ಸಾಕಲಾಗದ ಮಗುವನ್ನು ಹೆತ್ತರೆ ಅವಳಿಗೆ ಆಸರೆ ಯಾರೂ ಇಲ್ಲ. ಅದೇ ರಸ್ತೆಯ ಬಹುಮಹಡಿ ಮನೆಯಲ್ಲಿ ವರ್ಷಗಟ್ಟಲೆ ಚಿಕಿತ್ಸೆ ಪಡೆದು ಸೋತ ದಂಪತಿಗಳಿದ್ದಾರೆ. ಈ ಎರಡು ದುಃಖಗಳ ನಡುವೆ ದಲ್ಲಾಳಿ ಬಂದು ನಿಲ್ಲುತ್ತಾನೆ. ಹೆರಿಗೆಯ ದಾಖಲೆಯಲ್ಲಿ ಹೆತ್ತವಳ ಹೆಸರಿನ ಬದಲು ಸಾಕುವವಳ ಹೆಸರು ಬರೆಯಲ್ಪಡುತ್ತದೆ. ಹಣ ಕೈ ಬದಲಾಗುತ್ತದೆ. ಅಲ್ಲಿಗೆ ಒಬ್ಬ ತಾಯಿ ಕಾಗದದ ಮೇಲಿಂದಲೇ ಅಳಿದುಹೋಗುತ್ತಾಳೆ.

ಇದು ಕಲ್ಪಿತ ಭಯವಲ್ಲ. 2020ರ ಮೇ ತಿಂಗಳಲ್ಲಿ ನಗರದ ಚಾಮರಾಜಪೇಟೆಯ ಪಾಲಿಕೆ ಆಸ್ಪತ್ರೆಯಿಂದ ನವಜಾತ ಶಿಶುವೊಂದು ಕಳುವಾಯಿತು. ಒಂದು ವರ್ಷದ ತರುವಾಯ ಪೊಲೀಸರು ಅದನ್ನು ಉತ್ತರ ಕರ್ನಾಟಕದ ದಂಪತಿಗಳ ಮನೆಯಲ್ಲಿ ಪತ್ತೆಹಚ್ಚಿದರು. ಬಾಡಿಗೆ ತಾಯಿಯ ಮೂಲಕ ಜನಿಸಿದ ತಮ್ಮದೇ ಮಗುವೆಂದು ನಂಬಿ ಅವರು ಲಕ್ಷಾಂತರ ರೂಪಾಯಿ ತೆತ್ತಿದ್ದರು. 2023ರ ನವೆಂಬರಿನಲ್ಲಿ ನಗರದ ಸಿಸಿಬಿ ಪೊಲೀಸರು ಶಿಶು ಮಾರಾಟದ ಮತ್ತೊಂದು ಜಾಲವನ್ನು ಭೇದಿಸಿದರು. ಕೊಳ್ಳುವವರಿಲ್ಲದೆ ಯಾವ ಪೇಟೆಯೂ ನಡೆಯದೆಂಬುದನ್ನು ವರ್ತಕ ಸಮಾಜಕ್ಕೆ ಬೇರೆಯವರು ಕಲಿಸಬೇಕಾಗಿಲ್ಲ.

ಶ್ರಾವಕನ ಪಾಲಿಗೆ ಇದು ಕೇವಲ ಕಾನೂನಿನ ಮಾತಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಮೂರು ಇಲ್ಲಿ ಒಟ್ಟಿಗೆ ಸೇರುತ್ತವೆ. ಕದ್ದು ತಂದುದನ್ನು ಸ್ವೀಕರಿಸುವುದು ತದಾಹೃತಾದಾನ. ಕೊಡುವ ಹಕ್ಕಿಲ್ಲದವನ ಕೈಯಿಂದ ಮಗುವನ್ನು ಪಡೆಯುವುದು ಅದಲ್ಲದೆ ಮತ್ತೇನು? ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಅಸಲಿನ ಸ್ಥಾನದಲ್ಲಿ ನಕಲಿಯನ್ನು ಇರಿಸುವುದು ಪ್ರತಿರೂಪಕವ್ಯವಹಾರ. ಸುಳ್ಳು ಜನನಪತ್ರ ಅದರ ಸ್ಪಷ್ಟ ರೂಪ. ಪರ್ವದಿನಗಳಲ್ಲಿ ಉಪವಾಸವಿದ್ದು, ಹಸಿರು ತರಕಾರಿಯನ್ನು ತ್ಯಜಿಸಿ, ಈ ಮೂರನ್ನೂ ಒಂದೇ ದಿನ ಮಾಡಿ ಮುಗಿಸುವ ಮನೆಯಲ್ಲಿ ವ್ರತವೆಂಬುದು ಎಲ್ಲಿ ಉಳಿಯಿತು?

ಇಷ್ಟು ಗುಟ್ಟು ಏಕೆ? ಮಗು ತಮ್ಮ ರಕ್ತದ್ದಲ್ಲವೆಂದು ಸಮಾಜಕ್ಕೆ ತಿಳಿಯಬಾರದೆಂಬುದೇ ಮೂಲಕಾರಣ. ಆದರೆ ಈ ಅಂಜಿಕೆಗೆ ಜೈನಧರ್ಮದಲ್ಲಿ ಆಧಾರವಿಲ್ಲ. ಮಗನು ಪಿಂಡವಿಟ್ಟು ತಂದೆಯನ್ನು ಉದ್ಧರಿಸುತ್ತಾನೆಂಬ ನಂಬಿಕೆಯನ್ನು ಜೈನರು ಒಪ್ಪಿದವರಲ್ಲ. ಪ್ರತಿಯೊಂದು ಜೀವವೂ ತನ್ನ ಕರ್ಮಫಲವನ್ನು ತಾನೇ ಉಣ್ಣಬೇಕು. ಆದುದರಿಂದಲೇ ಜೈನರಲ್ಲಿ ದತ್ತಕವು ಲೌಕಿಕ ವ್ಯವಹಾರವೆಂದೂ, ಅದಕ್ಕೆ ಹೋಮಾದಿ ವಿಧಿ ಅನಗತ್ಯವೆಂದೂ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲೇ ಗುರುತಿಸಿದ್ದವು. ಗಂಡನ ಅನುಮತಿಯಿಲ್ಲದೆಯೂ ಜೈನ ವಿಧವೆ ದತ್ತು ಪಡೆಯಬಹುದೆಂಬ ರೂಢಿಯನ್ನು 1878ರಲ್ಲಿ ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು. ಇಂತಹ ಪರಂಪರೆಯ ಸಮಾಜವು ಇಂದು ರಕ್ತದ ಹೆಸರಿನಲ್ಲಿ ನಾಚುವುದು ವಿಪರ್ಯಾಸ.

‘ಅಜ್ಞಾತ ಶಿಶುವಿನ ಗೋತ್ರವೇನೋ!’ ಎಂದು ಹಿರಿಯರು ಆಕ್ಷೇಪಿಸುತ್ತಾರೆ. ಗೋತ್ರಕರ್ಮವು ಆ ಜೀವದ ಕರ್ಮವೇ ಹೊರತು ಬಸದಿಯ ಕಚೇರಿಯಲ್ಲಿ ಪರಿಶೀಲಿಸುವ ಪ್ರಮಾಣಪತ್ರವಲ್ಲ. ಮನುಷ್ಯಜಾತಿ ಒಂದೇ, ವೃತ್ತಿಭೇದದಿಂದ ವಿಭಾಗಗಳಾದವು ಎಂಬ ತತ್ತ್ವವನ್ನು ಜಿನಸೇನಾಚಾರ್ಯರು ಆದಿಪುರಾಣದಲ್ಲಿಯೇ ನಿರೂಪಿಸಿದ್ದಾರೆ. ಜೀವಂಧರನ ಚರಿತೆಯನ್ನಾದರೂ ನೆನೆಯಬೇಕು. ತನ್ನ ಸತ್ತ ಮಗುವಿನೊಡನೆ ಶ್ಮಶಾನಕ್ಕೆ ಹೋದ ವರ್ತಕ ಗಂಧೋತ್ಕಟನು ಅಲ್ಲಿ ದೊರೆತ ಶಿಶುವನ್ನು ಎತ್ತಿಕೊಂಡಾಗ ಗೋತ್ರವನ್ನು ಕೇಳುತ್ತ ನಿಲ್ಲಲಿಲ್ಲ. ಅವನೂ ಗುಟ್ಟು ಕಾಯ್ದನಲ್ಲವೆ ಎಂದು ಕೇಳುವವರಿದ್ದಾರೆ. ಕಾಷ್ಠಾಂಗಾರನ ಕತ್ತಿಯಿಂದ ಮಗುವನ್ನು ಉಳಿಸಲು ಆ ಗುಟ್ಟು ಬೇಕಾಗಿತ್ತು. ಆದರೂ ಗುರು ಆರ್ಯನಂದಿಯು ಸಕಾಲದಲ್ಲಿ ಜೀವಂಧರನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸಿದನು. ಇಂದಿನ ದಂಪತಿಗಳನ್ನು ಯಾವ ಕಾಷ್ಠಾಂಗಾರ ಬೆದರಿಸುತ್ತಿದ್ದಾನೆ? ನೆರೆಯವರ ನಾಲಗೆಯೊಂದೇ.

ಧರ್ಮ ಅಡ್ಡಿಯಾಗದಂತೆ ಕಾನೂನೂ ಅಡ್ಡಿಯಾಗಿಲ್ಲ. ಜೈನರಿಗೂ ಅನ್ವಯಿಸುವ 1956ರ ಹಿಂದೂ ದತ್ತಕ ಹಾಗೂ ಜೀವನಾಂಶ ಕಾಯಿದೆಯು ಹೆಣ್ಣುಮಗುವನ್ನೂ ದತ್ತು ಪಡೆಯಲು ಅವಕಾಶವಿತ್ತಿತು. ಬಂಧುಗಳ ಮಗುವನ್ನು ಅದರಂತೆ ಬಹಿರಂಗವಾಗಿ, ನೋಂದಾಯಿತ ಪತ್ರದೊಡನೆ ಪಡೆಯುವುದು ನಿರ್ದೋಷ ಮಾರ್ಗ. ಆದರೆ ಕೊಡುವ ಹಕ್ಕು ತಂದೆ, ತಾಯಿ ಅಥವಾ ಪೋಷಕನದು ಮಾತ್ರ. ದಾದಿಗಾಗಲಿ ವೈದ್ಯನಿಗಾಗಲಿ ದಲ್ಲಾಳಿಗಾಗಲಿ ಇಲ್ಲ. ಪ್ರತಿಫಲವಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ಅದು ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವನ್ನು ಕೊಂಡರೆ ಅಥವಾ ಮಾರಿದರೆ 5 ವರ್ಷಗಳವರೆಗೆ ಕಠಿಣ ಸೆರೆವಾಸ ಹಾಗೂ 1 ಲಕ್ಷ ರೂಪಾಯಿ ದಂಡವಿದೆ. ಆಸ್ಪತ್ರೆಯ ಸಿಬ್ಬಂದಿಯೇ ಅಪರಾಧಿಯಾದರೆ ಶಿಕ್ಷೆ 3ರಿಂದ 7 ವರ್ಷ.

‘ಸರ್ಕಾರದ ದಾರಿ ಬಹಳ ನಿಧಾನ’ ಎಂಬುದು ಕೊನೆಯ ಆಕ್ಷೇಪ. ಅದರಲ್ಲಿ ಸತ್ಯವಿದೆ. ಕೇಂದ್ರ ದತ್ತು ಸ್ವೀಕಾರ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಿದವರು ಎಳೆಯ ಶಿಶುವಿಗಾಗಿ 3 ವರ್ಷಗಳಿಗೂ ಹೆಚ್ಚು ಕಾಯಬೇಕಾಗಿದೆ. ಆದರೆ ಆ ನಿಧಾನವು ಯಾರ ರಕ್ಷಣೆಗಾಗಿ ಎಂಬುದನ್ನು ಯೋಚಿಸಬೇಕು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಾಯಿಸಲು 2 ತಿಂಗಳ ಅವಧಿಯಿದೆ. ದಲ್ಲಾಳಿಯು ಅವಳಿಗೆ ಎರಡು ಗಂಟೆಯನ್ನೂ ಕೊಡುವುದಿಲ್ಲ. ದಂಪತಿಗಳ ಮನೆಯನ್ನು ಅಧಿಕಾರಿಗಳು ಬಂದು ನೋಡುತ್ತಾರೆ. ನಿಗದಿಯಾದ ಶುಲ್ಕಕ್ಕೆ ರಸೀದಿ ಇದೆ. ಮಗು ಮನೆ ಸೇರಿದ ಮೇಲೆಯೂ 2 ವರ್ಷ ವಿಚಾರಣೆಯಿದೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶವನ್ನು ಜಿಲ್ಲಾಧಿಕಾರಿಗಳೇ ನೀಡುವುದರಿಂದ ನ್ಯಾಯಾಲಯದ ಅಲೆದಾಟ ತಪ್ಪಿದೆ. ಸುಳ್ಳು ಜನನಪತ್ರದ ಮಗುವಿಗೆ ಇಂತಹ ಯಾವ ಆಸರೆಯೂ ಇಲ್ಲ. ಸಾಕಿದ ತಂದೆ ತೀರಿಕೊಂಡ ಮರುದಿನ ದಾಯಾದಿಗಳು ಆಸ್ತಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರೆ, ತನ್ನದೇ ಮನೆಯಲ್ಲಿ ಅದು ಪರಕೀಯವಾಗಿ ನಿಲ್ಲಬೇಕಾಗುತ್ತದೆ. ಇನ್ನು ಕಾಯಲಾರದವರಿಗೂ ದಾರಿಯಿದೆ. ಎಲ್ಲರೂ ಹಸುಗೂಸನ್ನೇ ಬಯಸುವುದರಿಂದ ಆರೇಳು ವರ್ಷ ದಾಟಿದ ಮಕ್ಕಳು ಸಂಸ್ಥೆಗಳಲ್ಲಿಯೇ ಬೆಳೆಯುತ್ತಿದ್ದಾರೆ. ಜೀವದಯೆಯ ಮಾತಾಡುವ ಸಮಾಜಕ್ಕೆ ಅವರು ಕಾಣಬೇಡವೆ?

ಬಸದಿಗಳ ವಿಶ್ವಸ್ತ ಮಂಡಳಿಗಳೂ ಸುಮ್ಮನಿರುವಂತಿಲ್ಲ. ‘ನಮ್ಮವರದೇ ಮಗು ಎಲ್ಲಾದರೂ ಸಿಕ್ಕೀತೆ?’ ಎಂದು ಕೇಳಿ ಬಂದ ದಂಪತಿಗಳಿಗೆ ಪರಿಚಯದ ನರ್ಸಿಂಗ್ ಹೋಮಿನ ವಿಳಾಸ ಕೊಟ್ಟು ಕಳುಹಿಸುವವನು ಉಪಕಾರ ಮಾಡಿದಂತಾಗದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರರಲ್ಲಿಯೂ ಕರ್ಮಬಂಧವಿದೆಯೆಂಬುದನ್ನು ಅವನು ಮರೆತಿದ್ದಾನೆ. ಬಸದಿಯ ಫಲಕದ ಮೇಲೆ ಮಕ್ಕಳ ಸಹಾಯವಾಣಿ 1098ನ್ನು ಬರೆಸಬೇಕು. ಅಸಹಾಯಕ ತಾಯಿಯನ್ನು ಮಕ್ಕಳ ಕಲ್ಯಾಣ ಸಮಿತಿಗೆ ತಲುಪಿಸುವ ಹೊಣೆಯನ್ನು ಮಂಡಳಿಯ ಒಬ್ಬ ಸದಸ್ಯೆಗೆ ವಹಿಸಬೇಕು. ಪಂಚಕಲ್ಯಾಣಕ್ಕೆ ಹರಿದುಬರುವ ದಾನದ ಒಂದು ಪಾಲು ಮಾನ್ಯತೆ ಪಡೆದ ಶಿಶುಪಾಲನ ಸಂಸ್ಥೆಗಳಿಗೆ ಸಲ್ಲಬೇಕು. ಎಲ್ಲಕ್ಕೂ ಮಿಗಿಲಾಗಿ, ದತ್ತುಮಗುವಿನ ಹೆಸರನ್ನು ಸಮಾಜದ ಕುಟುಂಬ ಪಟ್ಟಿಯಲ್ಲಿ ಯಾವ ಗುರುತೂ ಇಲ್ಲದೆ ಉಳಿದ ಮಕ್ಕಳ ಸಾಲಿನಲ್ಲಿಯೇ ಬರೆಯಬೇಕು. ಅಂದು ಗುಟ್ಟಿನ ಅಗತ್ಯವೂ ಇರುವುದಿಲ್ಲ, ದಲ್ಲಾಳಿಯ ಅಗತ್ಯವೂ ಇರುವುದಿಲ್ಲ.

ತೂಕದ ಬಟ್ಟಿನಲ್ಲಿ ಮೋಸವಿಲ್ಲವೆಂಬುದು ಜೈನ ವರ್ತಕನ ಕೀರ್ತಿ. ಆ ಪ್ರಾಮಾಣಿಕತೆ ಅಂಗಡಿಯಲ್ಲಿ ಉಳಿದರೆ ಸಾಲದು, ತೊಟ್ಟಿಲಿನವರೆಗೂ ಬರಬೇಕು.