ಕಡಿದ ಬಲೆಯ ಲೆಕ್ಕ ಯಾರ ಪುಸ್ತಕದಲ್ಲಿದೆ?

ಬಕ್ರೀದ್‌ಗೆ ಮೊದಲು ಟಗರು ಕೊಳ್ಳಲು ಮಾಡಗ್ಯಾಳಕ್ಕೆ ಹೋಗಿದ್ದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕಿನ ಊರು. ಬೋರ್ಡುಗಳು ಮರಾಠಿ, ಮನೆಮಾತು ಕನ್ನಡ. ಬಾಗಿದ ಮೂಗಿನ ಮಾಡಗ್ಯಾಳ ಕುರಿಯ ಹೆಸರು ಕೇಳದ ಕುರಿ ವ್ಯಾಪಾರಿ ಇರಲಿಕ್ಕಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಬೆಂಗ್ರೆಯಲ್ಲಿ ಹುಟ್ಟಿದವನು ನಾನು. ಆ ಒಣ ಬಯಲಿನಲ್ಲಿ ನಿಂತರೆ ಈಗಲೂ ಬಾಯಿ ಒಣಗುತ್ತದೆ.

ವ್ಯಾಪಾರ ಮುಗಿದ ಮೇಲೆ ಕುರಿ ಮಾರಿದ ಅಜ್ಜ ಚಹಾ ಕುಡಿಸಿದರು. ನನ್ನ ಊರು ಕಡಲತಡಿ ಎಂದು ತಿಳಿದು ಕೇಳಿದರು: "ನಿಮ್ಮ ಕಡೆ ಸಮುದ್ರದಾಗ ಬೋಟ್ ಮುಳುಗಿದ್ರ ಉಳಿಸಾಕ ಯಾರ ಬರ್ತಾರ್ರಿ ಸಾಹೇಬ್ರ?"

"ಹತ್ತಿರ ಇರುವ ಇನ್ನೊಂದು ಬೋಟಿನವರು ಬರ್ತಾರೆ ಅಜ್ಜ."

"ಹಂಗಾದ್ರ ಅವರ ಅವತ್ತಿನ ದುಡಿಮಿ? ಅದನ್ನ ಯಾರ ತುಂಬಿ ಕೊಡ್ತಾರ?"

ಮೊದಲ ಪ್ರಶ್ನೆಗೆ ತಟ್ಟನೆ ಉತ್ತರ ಕೊಟ್ಟ ನಾನು ಎರಡನೆಯದಕ್ಕೆ ಸುಮ್ಮನಾದೆ.

ಅಜ್ಜ ಸುಮ್ಮನೆ ಕೇಳಿದ್ದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ ಪೇಟೆ ಮುಳುಗಿದ್ದಾಗ, ಅದೇ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳು ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಿದ್ದವು. ಆಗಸ್ಟ್ 8ರಂದು ಪಲೂಸ್ ತಾಲೂಕಿನ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ದಾಟಿಸುತ್ತಿದ್ದ ದೋಣಿಯೇ ಮಗುಚಿತು. ಅದರಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಹತ್ತಕ್ಕೂ ಹೆಚ್ಚು ಜೀವ ಹೋಯಿತು. ನೀರೇ ಇಲ್ಲದ ಊರಲ್ಲಿ ಕೂತು ಆ ಸುದ್ದಿ ಕೇಳಿದವರಿಗೆ ಉಳಿಸುವ ದೋಣಿ ಎಂದರೇನು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ನನಗೆ ನೆನಪಾದದ್ದು ನನ್ನ ಉಪ್ಪ. ಅವರು ನಾಡದೋಣಿಯಲ್ಲಿ ಹೋಗುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಳೆಗಾಲ, ಮೊಗವೀರರ ದೋಣಿಯೊಂದು ಅಳಿವೆ ಬಾಗಿಲಿನಲ್ಲಿ ಇಂಜಿನ್ ಕೆಟ್ಟು ತೆರೆಗೆ ಸಿಕ್ಕಿತು. ಉಪ್ಪನ ದೋಣಿ ಆಗಷ್ಟೇ ಬಲೆ ಬಿಟ್ಟಿತ್ತು. ಎಳೆದು ಮೇಲೆ ಹಾಕುತ್ತಾ ಕೂತರೆ ಆ ನಾಲ್ವರು ಉಳಿಯುತ್ತಿರಲಿಲ್ಲ. ಬಲೆಯನ್ನು ಕಡಿದು ಬಿಟ್ಟು ಹೋದರು. ನಾಲ್ವರೂ ಬದುಕಿದರು.

ಉಪ್ಪ ಖಾಲಿ ಕೈಯಲ್ಲಿ ಬಂದರು. ಉಮ್ಮ ಕೇಳಿದ್ದು ಒಂದೇ ಮಾತು, "ಬಲೆ ಎಲ್ಲಿ?" ಉಪ್ಪ ಉತ್ತರಿಸಲಿಲ್ಲ, ಬಾವಿಕಟ್ಟೆಗೆ ಹೋಗಿ ಕಾಲು ತೊಳೆದುಕೊಂಡರು. ಮರುದಿನ ಆ ನಾಲ್ವರಲ್ಲಿ ಒಬ್ಬರ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಒಂದು ಗೋಣಿ ತೆಂಗಿನಕಾಯಿ ತಂದು ನಮ್ಮ ಜಗಲಿಯಲ್ಲಿ ಇಟ್ಟು ಹೋದರು. ಹೊಸ ಬಲೆಗೆ ಮಾಡಿದ ಸಾಲ ತೀರಲು ಮೂರು ವರ್ಷ ಬೇಕಾಯಿತು. ಆ ದೋಣಿಯಲ್ಲಿದ್ದ ಉಳಿದವರ ಪಾಲೂ ಹೋಗಿತ್ತು. ಒಬ್ಬರೂ ದೂರಲಿಲ್ಲ. ಯಾರಾದರೂ ಬಂದು ಆ ಬಲೆಗೆ ಒಂದು ರೂಪಾಯಿ ಕೊಟ್ಟದ್ದನ್ನೂ ನಾನು ಕಾಣಲಿಲ್ಲ.

ಇದು ನನ್ನ ಮನೆಯೊಂದರ ಕತೆಯಲ್ಲ. ಬೆಂಗ್ರೆ, ಉಳ್ಳಾಲ, ಮಲ್ಪೆ, ಗಂಗೊಳ್ಳಿಯ ಬ್ಯಾರಿ, ಮೊಗವೀರ, ಖಾರ್ವಿ ಮನೆಗಳಲ್ಲಿ ಕೇಳಿ ನೋಡಿ. ದಡದಲ್ಲಿ ನಾವು ಎಷ್ಟು ಜಗಳವಾಡಿದರೂ ಮುಳುಗುವವನ ಹೆಸರನ್ನು ಕಡಲಲ್ಲಿ ಯಾರೂ ಕೇಳುವುದಿಲ್ಲ.

ಕೋಸ್ಟ್‌ಗಾರ್ಡ್ ಇದೆ, 1554ಕ್ಕೆ ಕರೆ ಮಾಡಬಹುದು. ಕರಾವಳಿ ಕಾವಲು ಪೊಲೀಸರೂ ಇದ್ದಾರೆ. ಅವರ ಕೆಲಸವನ್ನು ಹಗುರ ಮಾಡಿ ಹೇಳುತ್ತಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಳೂರು ಬಳಿ ಬಂಡೆಗೆ ಸಿಕ್ಕಿಕೊಂಡ ಟಗ್‌ನಿಂದ 9 ಮಂದಿಯನ್ನು ಕೋಸ್ಟ್‌ಗಾರ್ಡ್ ಮತ್ತು ನೌಕಾಪಡೆಯೇ ಉಳಿಸಿದ್ದು. ಆದರೆ ಅಳಿವೆಯಲ್ಲಿ ದೋಣಿ ಮಗುಚಿದಾಗ ಲೆಕ್ಕಕ್ಕೆ ಬರುವುದು ಮೊದಲ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅಲ್ಲಿರುವವನು ಮೀನುಗಾರ.

ಹುಡುಕುವಾಗಲೂ ಅಷ್ಟೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ 7 ಮಂದಿಯೊಂದಿಗೆ ಮಹಾರಾಷ್ಟ್ರದ ಕಡಲಿನಲ್ಲಿ ಕಾಣೆಯಾಯಿತು. ಮೀನುಗಾರರು ತಾವೇ ಬೋಟ್ ಕಟ್ಟಿಕೊಂಡು ಹುಡುಕಿದರು. 2019ರ ಜನವರಿ 6ರಂದು ಹೆದ್ದಾರಿ ತಡೆದು ಕೂತರು. ನೌಕಾಪಡೆಯ ಹಡಗು ಮಾಲ್ವಣದ ಆಚೆ ಅವಶೇಷ ಕಂಡದ್ದು ಆ ವರ್ಷದ ಮೇ ತಿಂಗಳಲ್ಲಿ. ಅಷ್ಟೂ ದಿನ ಹುಡುಕಾಟಕ್ಕೆ ಸುಟ್ಟ ಡೀಸೆಲ್, ಬಿಟ್ಟ ಮೀನು ಯಾರ ಲೆಕ್ಕದಲ್ಲಿ ಬರೆದಿದೆ?

ಸರಕಾರ ಮನಸ್ಸು ಮಾಡಿದರೆ ಆಗದ್ದೇನಲ್ಲ. 2018ರ ಕೇರಳದ ನೆರೆಯಲ್ಲಿ ಮೀನುಗಾರರು ದೋಣಿಗಳನ್ನು ಲಾರಿಗೆ ಹೇರಿಕೊಂಡು ಒಳನಾಡಿಗೆ ಹೋದರು. ಅಲ್ಲಿನ ಸರಕಾರ ದೋಣಿಗೆ ದಿನಕ್ಕೆ 3,000 ರೂಪಾಯಿ ಮತ್ತು ಇಂಧನದ ಖರ್ಚು ಕೊಡುವುದಾಗಿ, ಹಾಳಾದ ದೋಣಿಗಳನ್ನು ದುರಸ್ತಿ ಮಾಡಿಸುವುದಾಗಿ ಹೇಳಿತು. ದೊಡ್ಡ ನೆರೆಗೆ ಒಮ್ಮೆ ಮಾಡಿದ್ದನ್ನು ಪ್ರತಿ ಮಳೆಗಾಲದ ನಿಯಮವಾಗಿ ಯಾಕೆ ಮಾಡಬಾರದು?

ನಮ್ಮವರೇ ಕೆಲವರು ಹೇಳುತ್ತಾರೆ, "ಜೀವ ಉಳಿಸಿದ್ದಕ್ಕೆ ದುಡ್ಡು ಕೇಳುವುದಾ? ಅದರ ಕೂಲಿ ಅಲ್ಲಾಹನಲ್ಲಿದೆ." ಉಪ್ಪನೂ ಹೀಗೇ ಹೇಳುತ್ತಿದ್ದರು. ಅವರ ನಿಯತ್ತನ್ನು ನಾನು ಗೌರವಿಸುತ್ತೇನೆ. ಆದರೆ ನಾನು ಕೇಳುವುದು ಜೀವದ ಬೆಲೆಯಲ್ಲ, ಬಲೆಯ ಬೆಲೆ.

ಬ್ರಿಟನ್ನಿನಲ್ಲಿ 1824ರಿಂದ ಜೀವರಕ್ಷಕ ದೋಣಿಗಳ ಒಂದು ಸಂಸ್ಥೆ ಇದೆ. ದೋಣಿ ಹತ್ತುವವರಲ್ಲಿ ಬಹುಪಾಲು ಸ್ವಯಂಸೇವಕರು, ಖರ್ಚು ನಡೆಯುವುದು ಜನರ ದೇಣಿಗೆಯಿಂದ. 1981ರ ಡಿಸೆಂಬರ್ 19ರ ರಾತ್ರಿ ಬಿರುಗಾಳಿಯಲ್ಲಿ ಸಿಕ್ಕಿದ ಹಡಗಿನವರನ್ನು ಉಳಿಸಲು ಮೌಸೋಲ್ ಎಂಬ ಮೀನುಗಾರರ ಹಳ್ಳಿಯ 8 ಮಂದಿ ಹೋದರು. ಎಂಟೂ ಜನ ತಿರುಗಿ ಬರಲಿಲ್ಲ. ಒಂದೇ ದಿನದೊಳಗೆ ಅದೇ ಹಳ್ಳಿಯಲ್ಲಿ ಹೊಸ ತಂಡಕ್ಕೆ ಸಾಕಾಗುವಷ್ಟು ಜನ ಮುಂದೆ ಬಂದರು. ಅವರೂ ಕೂಲಿ ಕೇಳಲಿಲ್ಲ. ಆದರೆ ದೋಣಿ, ಇಂಧನ, ಜಾಕೆಟ್, ತರಬೇತಿ ಅವರ ಕಿಸೆಯಿಂದ ಹೋಗುವುದಿಲ್ಲ. ಸೇವೆ ಬಡವನದು, ಖರ್ಚು ಸಮಾಜದ್ದು. ನಮ್ಮಲ್ಲಿ ಎರಡೂ ಬಡವನದೇ.

ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರ ಅಪಘಾತದಲ್ಲಿ ಸತ್ತರೆ 5 ಲಕ್ಷ ರೂಪಾಯಿ ವಿಮೆ ಇದೆ. ಒಳ್ಳೆಯದೇ. ಆದರೆ ಇನ್ನೊಬ್ಬರನ್ನು ಉಳಿಸಿ ಬದುಕಿ ಬಂದವನಿಗೆ ಒಂದು ಶಾಲು, ಒಂದು ಹಾರ, ಪತ್ರಿಕೆಯಲ್ಲಿ ಒಂದು ಫೋಟೋ.

ನಾನು ಕೇಳುವುದು ಮೂರು. ಪ್ರತಿ ದಕ್ಕೆಯಲ್ಲೂ, ದೊಡ್ಡ ಅಳಿವೆಗಳಲ್ಲೂ ಸರಕಾರದ ಖರ್ಚಿನಲ್ಲಿ ಒಂದು ಜೀವರಕ್ಷಕ ದೋಣಿ ಇರಲಿ, ಅದನ್ನು ನಡೆಸಲು ಸ್ಥಳೀಯ ಮೀನುಗಾರರ ಹೆಸರಿನ ಪಟ್ಟಿ, ತರಬೇತಿ, ಜಾಕೆಟ್ ಇರಲಿ. ಉಳಿಸಲು ಹೋದ ಬೋಟಿನ ಡೀಸೆಲ್, ಕಡಿದ ಬಲೆ, ಕಲಾಸಿಗಳ ಆ ದಿನದ ಪಾಲು ಒಂದು ತಿಂಗಳೊಳಗೆ ಕೈಸೇರಲಿ. ನೆರೆ ಬರುವ ಒಳನಾಡಿನ ಜಿಲ್ಲೆಗಳೂ ಈ ಪಟ್ಟಿಯನ್ನು ಇಟ್ಟುಕೊಳ್ಳಲಿ. ದೋಣಿಗೆ ಎಷ್ಟು ಜನ ಸಾಕು, ಯಾವಾಗ "ಇನ್ನು ಬೇಡ" ಎನ್ನಬೇಕು ಎಂಬುದು ದಿನಾ ನೀರಿನಲ್ಲಿರುವವನಿಗೆ ಗೊತ್ತು.

ಇನ್ನೊಂದು ಕೆಲಸ ನಮ್ಮದೇ. ಉಪ್ಪ ಉಳಿಸಿದ ನಾಲ್ವರ ಹೆಸರು ಎಲ್ಲೂ ಬರೆದಿಲ್ಲ, ಉಪ್ಪನ ಹೆಸರೂ ಇಲ್ಲ. ನಿಮ್ಮ ಮನೆಯಲ್ಲಿ ಕಡಲಿಗೆ ಹೋದ ಹಿರಿಯರಿದ್ದರೆ ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ. ಯಾವ ಮಳೆಗಾಲ, ಯಾವ ದೋಣಿ, ಯಾರನ್ನು ಎತ್ತಿದರು, ಏನು ಕಳೆದುಕೊಂಡರು. ಬ್ಯಾರಿಯಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ, ಬರೆದಿಡಿ. ಪರಿಹಾರ ಕೇಳಲು ಹೋದಾಗ ನಮ್ಮ ಕೈಯಲ್ಲಿ ಆ ಪುಸ್ತಕವಾದರೂ ಇರಬೇಕು.

ಬರುವ ವರ್ಷ ಮತ್ತೆ ಮಾಡಗ್ಯಾಳಕ್ಕೆ ಹೋಗಬೇಕು. ಅಜ್ಜ ಕೇಳದೆ ಬಿಡುವವರಲ್ಲ.